ಹದಿಮೂರು ಎಲೆ

ಕಲ್ಯಾಣ ಮಂಟಪದ ಮ್ಯಾನೇಜರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಎಲೆ?"

"ಹದಿಮೂರು" ಅಂದೆ.

ಕನ್ನಡಕದ ಮೇಲಿಂದ ನೋಡಿದರು. "ಹದಿಮೂರು ಎಲೆಗೆ ಛತ್ರ ಯಾಕಮ್ಮ, ಮನೇಲೇ ಮಾಡ್ಕೊಳಿ."

ಊಟ ಅಲ್ಲ, ಕಲಾಪ್ರದರ್ಶನ ಅಂತ ಅರ್ಥ ಮಾಡಿಸಲು ಹತ್ತು ನಿಮಿಷ ಹಿಡಿಯಿತು. ಇನ್‌ಸ್ಟಲೇಷನ್ ಅಂದಿದ್ದಕ್ಕೆ ಅವರು ನಾನು ಏಸಿ ಕೂರಿಸಲು ಬಂದವಳು ಅಂದುಕೊಂಡಿದ್ದರು. ಕೊನೆಗೆ ಅವರು ಹಾಕಿದ ಷರತ್ತು ಎರಡೇ. ಮಂಟಪದೊಳಗೆ ಮಾಂಸ, ಮೊಟ್ಟೆ ತರುವಂತಿಲ್ಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಎರಡಕ್ಕೂ ಹೂಂ ಅಂದೆ, ಎರಡನೆಯದನ್ನು ಮಾತ್ರ ಉಳಿಸಿಕೊಂಡೆ.

ಅದು ಆಷಾಢ. ಶುಕ್ರವಾರ ಬಂತೆಂದರೆ ಮೈಸೂರೆಲ್ಲ ಚಾಮುಂಡಿ ಬೆಟ್ಟದ ಕಡೆ ಹೊರಡುತ್ತದೆ, ಛತ್ರಗಳು ಮಾತ್ರ ಬಿಕೋ ಅನ್ನುತ್ತಿರುತ್ತವೆ. ಲಗ್ನವಿಲ್ಲದ ತಿಂಗಳಾದ್ದರಿಂದ ಊಟದ ಹಾಲು ನನಗೆ ಕಾಲು ಬಾಡಿಗೆಗೆ ಸಿಕ್ಕಿತು. ಹೊಸ ಮದುವಣಗಿತ್ತಿಯನ್ನು ತವರಿಗೆ ಅಟ್ಟಿ ಗಂಡ ಹೆಂಡಿರನ್ನು ದೂರ ಇಡುವ ತಿಂಗಳಲ್ಲೇ 'ಬಯಕೆ' ಅನ್ನುವ ಕೆಲಸ ತೋರಿಸಿದ್ದು ಬೇಕಂತಲೇ ಅಂತ ಆಮೇಲೆ ಒಂದಿಬ್ಬರ ಹತ್ತಿರ ಕೊಚ್ಚಿಕೊಂಡಿದ್ದೇನೆ. ನಿಜ ಅಂದರೆ ದುಡ್ಡಿರಲಿಲ್ಲ. ಅದಕ್ಕೂ ಮುಂಚೆ ಒಂದು ಗ್ಯಾಲರಿಯವರು ಒಪ್ಪಿಕೊಂಡು, ಬೆಲ್ಲ ಅಂದಮೇಲೆ ಇರುವೆ ಬರುತ್ತೆ, ಪಕ್ಕದ ಹಾಲಿನ ಪೇಂಟಿಂಗ್‌ಗಳ ಗತಿಯೇನು ಅಂತ ಕೈಬಿಟ್ಟಿದ್ದರು. ಆಗ ಸಿಟ್ಟು ಬಂದಿತ್ತು. ಇರುವೆ ವಿಷಯದಲ್ಲಿ ಅವರ ಮಾತೇ ಸರಿ.

ಕೆಲಸ ಹುಟ್ಟಿದ್ದು ಒಂದು ಪದದಿಂದ. ನಮ್ಮ ಕಡೆ ಬಯಕೆ ಅಂದರೆ ಆಸೆ ಹೌದು, ಆದರೆ ಹಳ್ಳಿ ಹೆಂಗಸರ ಬಾಯಲ್ಲಿ ಅದಕ್ಕೆ ಮೊದಲ ಅರ್ಥ ಬಸಿರಿಯ ಬಾಯಿಚಪಲ. "ಅವ್ಳಿಗೆ ಬಯಕೆ" ಅಂದರೆ ಮುಗಿಯಿತು, ಮೂರನೇ ತಿಂಗಳು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ದೋಹದ ಅನ್ನುತ್ತಾರೆ, ಎರಡು ಹೃದಯ ಅಂತ ಅದರ ಅರ್ಥ ಬಿಡಿಸುವವರಿದ್ದಾರೆ. ನನಗೆ ಕಾಡಿದ್ದು ಇಷ್ಟು: ಜನ್ಮವೆಲ್ಲ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದಿದ್ದನ್ನು ಉಣ್ಣುವ ಹೆಂಗಸು "ನಂಗೆ ಇದು ಬೇಕು" ಅಂತ ಬಾಯಿಬಿಟ್ಟು ಕೇಳಲು ಪರವಾನಗಿ ಇರುವುದು ಈ ಕೆಲವೇ ತಿಂಗಳು. ಆಗ ಇವರೆಲ್ಲ ಏನು ಕೇಳಿದರು? ಏನನ್ನು ಕೇಳದೆ ನುಂಗಿಕೊಂಡರು?

ಊರು ಮಂಡ್ಯದ ಪಕ್ಕ, ಕೆರಗೋಡಿನ ದಿಕ್ಕು. ನಾನು ಕಾವಾ ಅನ್ನುವ ಕಲಾಶಾಲೆಯಲ್ಲಿ ಓದಿ ಮೈಸೂರಲ್ಲೇ ಉಳಿದವಳು, ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟು ಬಾಡಿಗೆ ಕಟ್ಟುವವಳು. ಚಳಿಗಾಲವೆಲ್ಲ ಭಾನುವಾರ ಭಾನುವಾರ ಊರಿಗೆ ಹೋಗಿ ಜಗಲಿ ಮೇಲೆ ಕೂತೆ. ಮೊದಲೆರಡು ವಾರ ಯಾರೂ ಹೇಳಲಿಲ್ಲ. "ಅದ್ಯಾಕ್ ಕೇಳಿಯವ್ವ, ನಾಚ್ಕೆ ಆಯ್ತದೆ" ಅಂದು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಮೂರನೇ ವಾರ ಒಬ್ಬ ದೊಡ್ಡವ್ವ ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ, "ನಾನು ಗ್ವಾಡೆ ತಿಂತಿದ್ದೆ ಕಣವ್ವ" ಅಂದಳು. ಹಬ್ಬಕ್ಕೆ ಸುಣ್ಣ ಬಳಿದ ಗೋಡೆ. ನಡುಮನೆಯ ಮೂಲೆಯಲ್ಲಿ, ಕಾಳು ತುಂಬಿಡುವ ಪಣತದ ಹಿಂದೆ, ಉಗುರಲ್ಲಿ ಕೆರೆದು ಕೆರೆದು ಒಂದು ಅಂಗೈಯಗಲ ಮಣ್ಣು ಕಾಣುವಷ್ಟು ತಿಂದಿದ್ದಳಂತೆ. ಅತ್ತೆ ಇಲಿ ಅಂದುಕೊಂಡು ಬೋನು ಇಟ್ಟಳಂತೆ.

ಅಷ್ಟೇ ಸಾಕಾಯಿತು. ಒಬ್ಬಳು ಹೊಸ ಮಡಕೆ ಚೂರು, ಇನ್ನೊಬ್ಬಳು ಮೊದಲ ಮಳೆ ಬಿದ್ದ ಕೆಮ್ಮಣ್ಣು, ಮತ್ತೊಬ್ಬಳು ದೇವರ ಗೂಡಿನ ವಿಭೂತಿ ಗಟ್ಟಿ. ಹಸಿ ರಾಗಿ ಹಿಟ್ಟನ್ನು ಬೀಸುಕಲ್ಲಿನ ಕೆಳಗಿನಿಂದ ಬಾಚಿ ತಿಂದವಳು ಒಬ್ಬಳು. ಮಣ್ಣು, ಸುಣ್ಣ, ಬಳಪದ ಆಸೆಗೂ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುವುದಕ್ಕೂ ನಂಟಿದೆ ಅಂತ ವೈದ್ಯರು ಹೇಳುತ್ತಾರೆ. ಆ ದೊಡ್ಡವ್ವನಿಗೆ ಅದನ್ನು ಹೇಳಿದೆ. "ಇರ್ಬೋದು. ಆದ್ರೆ ಘಮ್ ಅಂತಿತ್ತು ಕಣ್ ಮಗ" ಅಂದಳು. ನನಗೆ ಬೇಕಾಗಿದ್ದು ಆ ಎರಡನೇ ಮಾತು.

ನಾಲ್ಕು ಜನ ಬೆಲ್ಲ ಅಂದರು. ಬೆಲ್ಲದ ಸೀಮೆಯಲ್ಲಿ ಬೆಲ್ಲಕ್ಕೆ ಬಯಕೆಯೇ ಅಂತ ನಕ್ಕೆ. ಕನ್ನಂಬಾಡಿ ಕಟ್ಟಿ, ನಾಲೆಯಲ್ಲಿ ನೀರು ಬಂದು, 1933ರಲ್ಲಿ ಮೈಶುಗರ್ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಮಂಡ್ಯ ಅಂದರೆ ಕಬ್ಬು ಅಂತಲೇ ಲೆಕ್ಕ. ಅದರಲ್ಲಿ ಒಬ್ಬಳು ಹೇಳಿದಳು, "ಗದ್ದೆ ನಮ್ದೆ, ಆಲೆಮನೆ ನಮ್ದೆ, ಬೆಲ್ಲದ ಗುಡಾಣದ ಬೀಗ ಮಾತ್ರ ಅತ್ತೆ ಸೊಂಟ್ದಲ್ಲಿತ್ತು." ನಗು ನಿಂತಿತು.

ರೂಪ ಏನು ಅಂತ ತುಂಬಾ ಒದ್ದಾಡಿದೆ. ಹೊಟ್ಟೆಯ ಅಚ್ಚು ತೆಗೆಯೋದು ಎಲ್ಲರೂ ಮಾಡಿದ್ದು, ಬೇಡ. ಕೊನೆಗೆ ಹೊಳೆದದ್ದು ಬೊಗಸೆ. ಬೇಡಲೂ ಅದೇ, ಕೊಡಲೂ ಅದೇ, ಕುಡಿಯಲೂ ಅದೇ. ಹದಿಮೂರು ಹೆಂಗಸರ ಬೊಗಸೆಯ ಅಚ್ಚು, ಪ್ರತಿಯೊಂದೂ ಅವಳು ಬಯಸಿದ ವಸ್ತುವಿನಲ್ಲೇ. ಕದ್ದೆ ಅಂತ ಯಾರಾದರೂ ಅನ್ನುವ ಮುಂಚೆ ನಾನೇ ಹೇಳಿಬಿಡುತ್ತೇನೆ, ಊಟದ ಸಾಲಿನ ಯೋಚನೆಗೆ ಅಮೆರಿಕದ ಕಲಾವಿದೆ ಜೂಡಿ ಷಿಕಾಗೋ 1979ರಲ್ಲಿ ತೋರಿಸಿದ ಆ ಮೂರು ಮೂಲೆಯ ಮೇಜು, ಅದರ ಮೇಲಿನ 39 ತಟ್ಟೆಗಳ ಋಣವಿದೆ. ವಸ್ತುವಿನ ಧೈರ್ಯ ಬಂದದ್ದು ನಮ್ಮ ಭದ್ರಾವತಿಯ ಕಲಾವಿದೆ ಶೀಲಾ ಗೌಡ ಅವರಿಂದ. ಸೆಗಣಿ, ಕುಂಕುಮ, ದಾರ, ಸೂಜಿಗಳಲ್ಲಿ ಅವರು ಮಾಡಿದ್ದನ್ನು ನೋಡಿದ ಮೇಲೆ ಹುಣಸೆಹಣ್ಣು ಮುಟ್ಟಲು ಹಿಂಜರಿಕೆ ಇರಲಿಲ್ಲ. ಒಂದೇ ವ್ಯತ್ಯಾಸ. ಷಿಕಾಗೋ ಮೇಜಿನಲ್ಲಿ ಕೂತವರೆಲ್ಲ ಹೆಸರಿರುವ ಹೆಂಗಸರು. ನನ್ನ ಹದಿಮೂರು ಜನ ಹೆಸರು ಹಾಕಬೇಡ ಅಂತ ಆಣೆ ಹಾಕಿಸಿಕೊಂಡವರು.

ಕೈಯ ಅಚ್ಚನ್ನು ನೇರವಾಗಿ ಪ್ಲಾಸ್ಟರಿನಲ್ಲಿ ತೆಗೆಯಲೇಬಾರದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗುವಾಗ ಕಾದು ಸುಡುತ್ತದೆ. 2007ರಲ್ಲಿ ಇಂಗ್ಲೆಂಡಿನಲ್ಲಿ ಶಾಲಾ ಹುಡುಗಿಯೊಬ್ಬಳು ಕ್ಲಾಸಿನಲ್ಲಿ ಹೀಗೆ ಎರಡೂ ಕೈ ಅದ್ದಿ ಬೆರಳುಗಳನ್ನು ಕಳೆದುಕೊಂಡಳು. ಅದಕ್ಕೆ ಇರೋದು ಆಲ್ಜಿನೇಟ್, ಹಲ್ಲಿನ ಡಾಕ್ಟರು ಬಾಯೊಳಗೆ ಇಟ್ಟು ಅಚ್ಚು ತೆಗೆಯುವ ಪುಡಿ, ಸಮುದ್ರದ ಪಾಚಿಯಿಂದ ಮಾಡಿದ್ದು. ದಂತವೈದ್ಯರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಹದಿನೈದು ಕಿಲೋ ಕೇಳಿದಾಗ ಅಂಗಡಿಯವರು "ಕ್ಲಿನಿಕ್ ಎಲ್ಲಿ ಮೇಡಂ?" ಅಂದರು.

ಬಕೆಟ್ಟಿನಲ್ಲಿ ಪುಡಿ ಕಲಸಿ, ಹೆಂಗಸು ಬೊಗಸೆ ಹಿಡಿದು ಮಣಿಕಟ್ಟಿನವರೆಗೆ ಮುಳುಗಿಸಬೇಕು. ಮೂರು ನಿಮಿಷ ಅಲ್ಲಾಡಬಾರದು. ನೀರು ತಣ್ಣಗಿದ್ದಷ್ಟೂ ನಿಧಾನವಾಗಿ ಗಟ್ಟಿಯಾಗುತ್ತದೆ, ಕೈ ಇಡಲು ಸಮಯ ಸಿಗುತ್ತದೆ. ಅಂಗಡಿಯಿಂದ ಐಸ್ ತರಿಸಿದೆ. ಆ ಮೂರು ನಿಮಿಷದಲ್ಲಿ ನಾನು ಅವರ ಎದುರು ಕುಕ್ಕರುಗಾಲಲ್ಲಿ ಕೂತಿರುತ್ತಿದ್ದೆ. ಬದುಕಿನಲ್ಲಿ ಮೂರು ನಿಮಿಷ ಕೈ ಕಟ್ಟಿ ಕೂತವರಲ್ಲ ಇವರು. ಒಬ್ಬಳು ಸೊಳ್ಳೆ ಕಚ್ಚಿದ್ದಕ್ಕೆ ನನ್ನ ಕೈಲಿ ಕೆನ್ನೆ ಕೆರೆಸಿಕೊಂಡಳು. ಇನ್ನೊಬ್ಬಳು, "ಅಯ್ಯೋ, ಒಲೆ ಮೇಲೆ ಹಾಲು!" ಅಂತ ಎದ್ದೇಬಿಟ್ಟಳು, ಬಕೆಟ್ಟು ಸಮೇತ. ಕೈ ಕಿತ್ತ ಮೇಲೆ ಒಳಗೆ ಉಳಿಯುವ ಪೊಳ್ಳನ್ನು ಬಗ್ಗಿ ನೋಡಿದರೆ ಅಂಗೈಯ ಗೆರೆ, ಕುಡುಗೋಲಿನ ಹಳೆಯ ಗಾಯ, ಬಳೆ ಒತ್ತಿದ ಗುರುತು ಎಲ್ಲ ಇರುತ್ತವೆ. ತಡಮಾಡಿದರೆ ಆಲ್ಜಿನೇಟ್ ನೀರು ಬಿಟ್ಟು ಕುಗ್ಗುತ್ತದೆ, ಅಲ್ಲಲ್ಲೇ ಪ್ಲಾಸ್ಟರ್ ಸುರಿಯಬೇಕು. ಆ ಪ್ಲಾಸ್ಟರ್ ಕೈಯಿಂದ ಮತ್ತೆ ಎರಡು ಹೋಳಿನ ಅಚ್ಚು. ಮಣ್ಣಿಗೆ, ಸುಣ್ಣಕ್ಕೆ ಪ್ಲಾಸ್ಟರಿನ ಅಚ್ಚು ಸಾಕು, ಅದೇ ನೀರು ಹೀರಿಕೊಳ್ಳುತ್ತದೆ. ಬೆಲ್ಲಕ್ಕೆ ಮಾತ್ರ ಸಿಲಿಕಾನ್ ಬೇಕೇ ಬೇಕು. ನನ್ನ ಉಳಿತಾಯ ಕರಗಿದ್ದು ಆ ಬಿಳಿ ಡಬ್ಬಗಳಲ್ಲಿ.

ಅವ್ವನ ಕೈಯನ್ನೂ ತೆಗೆದೆ. ಅವಳು ಏನು ಬಯಸಿದ್ದಳು ಅಂತ ಕೇಳಿದರೆ "ಮರ್ತೋಯ್ತು" ಅಂದಳು. ನನ್ನ ಹೊತ್ತಿದ್ದಾಗ ಏನೂ ತಿನ್ನಬೇಕು ಅನ್ನಿಸಲಿಲ್ವ? "ಎಲ್ಲಾ ತಿಂತಿದ್ದೆ, ಹೋಗಮ್ಮಿ." ನಾಲ್ಕು ಸಲ ಕೇಳಿದೆ, ನಾಲ್ಕೂ ಸಲ ಅದೇ ಉತ್ತರ. ಅವಳ ಅಚ್ಚು ಖಾಲಿಯೇ ಉಳಿಯಿತು.

ಬೆಲ್ಲ ಎರೆದದ್ದು ಊರಿನ ಆಲೆಮನೆಯಲ್ಲೇ. ಅಂಗಡಿ ಬೆಲ್ಲ ಕರಗಿಸಿ ಎರೆಯಲು ನೋಡಿ ಎರಡು ಸಲ ಸೋತಿದ್ದೆ. ಒಮ್ಮೆ ಅಂಟು ಮಿಠಾಯಿ ಆಯಿತು, ಇನ್ನೊಮ್ಮೆ ತಳ ಹಿಡಿದು ಕರಕಲಾಯಿತು. ಆಲೆಮನೆಯ ಅಣ್ಣ ನನ್ನ ಥರ್ಮಾಮೀಟರ್ ನೋಡಿ ನಕ್ಕ. ಅವನದು ಬೇರೆ ಅಳತೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುತ್ತದೆ, ಕೆಳಗೆ ಒಣಗಿದ ರಚ್ಚಿನ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ, ಬೆಂಕಿ. ಸುಣ್ಣ ಬಿದ್ದ ಮೇಲೆ ಹಸಿರುಗಪ್ಪು ನೊರೆ ಎದ್ದು ಬರುತ್ತದೆ, ಅದು ಮಡ್ಡಿ. ಮೊಗೆದು ಮೊಗೆದು ಪಕ್ಕದ ಗುಂಡಿಗೆ ಎಸೆಯುತ್ತಾರೆ. ಆಮೇಲೆ ಹಾಲು ಹೊಂಬಣ್ಣಕ್ಕೆ ತಿರುಗಿ, ದೊಡ್ಡ ಗುಳ್ಳೆ ಸಣ್ಣ ಗುಳ್ಳೆಯಾಗಿ, ಕೊನೆಗೆ ಕೊಪ್ಪರಿಗೆಯೇ ಉಸಿರಾಡುತ್ತಿದೆಯೇನೋ ಅನ್ನುವ ಹಾಗೆ ಉಬ್ಬಿ ಇಳಿಯುತ್ತದೆ. ಅಣ್ಣ ಒಂದು ಹನಿ ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿದ. ಟಣ್ ಅಂತ ತಟ್ಟೆಗೆ ಹೊಡೆದ. "ಈಗ" ಅಂದ. ನನ್ನ ಥರ್ಮಾಮೀಟರ್ 118 ತೋರಿಸುತ್ತಿತ್ತು. ಪುಸ್ತಕದಲ್ಲೂ ಬೆಲ್ಲದ ಹದಕ್ಕೆ ಹೆಚ್ಚೂಕಡಿಮೆ ಅದೇ ಲೆಕ್ಕ. ನಾನು ಅದನ್ನು ಅವನಿಗೆ ತೋರಿಸಲು ಹೋಗಲಿಲ್ಲ.

ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಪುಡಿ ಹಾಕಬೇಡ ಅಂತ ಮೊದಲೇ ಬೇಡಿಕೊಂಡಿದ್ದೆ. ಹಾಗಾಗಿ ಬಂದದ್ದು ಕಂದು ಬೆಲ್ಲ, ನಮ್ಮ ಹೆಂಗಸರ ಕೈಯದೇ ಬಣ್ಣ. ಮೊದಲ ಜೋಡಿ ಬೊಗಸೆಯನ್ನು ಸಿಲಿಕಾನಿನಿಂದ ಬಿಡಿಸಿದಾಗ ಆಲೆಮನೆಯವರೆಲ್ಲ ಸುತ್ತ ನೆರೆದರು. ಉಗುರು, ಗಂಟು, ಗೆರೆ ಎಲ್ಲ ಇತ್ತು. ರಚ್ಚು ಒಣಗಿಸುವ ಹುಡುಗ ಕೈಮುಗಿದುಬಿಟ್ಟ. ಅಣ್ಣ ಮಾತ್ರ ತೂಕ ನೋಡಿ, "ಎರಡೂವರೆ ಕೆ.ಜಿ. ಬಂತು" ಅಂದ.

ಮಿಕ್ಕವುಗಳ ಕತೆ ಉದ್ದ ಬೆಳೆಸುವುದಿಲ್ಲ. ಕೆಮ್ಮಣ್ಣಿನ ಕೈ ಒಣಗುತ್ತಾ ಕುಗ್ಗಿ ಮಗುವಿನ ಕೈಯಂತಾಯಿತು, ಅದು ಹಾಗೇ ಇರಲಿ ಅಂತ ಬಿಟ್ಟೆ. ಹುಣಸೆಹಣ್ಣನ್ನು ಮನೆಯಲ್ಲಿ ಎತ್ತಿಡುವ ಹಾಗೆ ಉಪ್ಪು ಹಾಕಿ ಕುಟ್ಟಿ ಅಚ್ಚಿಗೆ ಒತ್ತಿದೆ, ಅದು ಕೊನೆತನಕ ಒಣಗಲೇ ಇಲ್ಲ, ದಿನವೂ ಒಂದು ಕೂದಲೆಳೆಯಷ್ಟು ಬೆರಳು ಜೋತುಬೀಳುತ್ತಿತ್ತು. ರಾಗಿಯದು ಬಿರುಕು. ಎಲ್ಲಕ್ಕಿಂತ ನೆಟ್ಟಗೆ ನಿಂತದ್ದು ಸುಣ್ಣ. ಗಾಳಿ ಕುಡಿದು ಕುಡಿದು ಕಲ್ಲಾಗುವ ವಸ್ತು ಅದು, ಈಗಲೂ ನನ್ನ ಕಿಟಕಿಯಲ್ಲಿ ಗಟ್ಟಿಯಾಗುತ್ತಲೇ ಇದೆ.

ಇನ್ನು ಏಡಿ. ಒಬ್ಬಳಿಗೆ ಬೇಕಾಗಿದ್ದು ಗದ್ದೆ ಬದುವಿನ ಏಡಿಯ ಸಾರು. ಮಾಂಸ ಮುಟ್ಟದ ಮನೆಗೆ ಪ್ರೀತಿಸಿ ಮದುವೆಯಾಗಿ ಹೋದವಳು. ಆರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ತವರಿಗೆ ಬಂದ ದಿನ ಅಣ್ಣ ರಾತ್ರಿ ಟಾರ್ಚ್ ಹಿಡಿದು ಗದ್ದೆಗಿಳಿದನಂತೆ. ಅವಳ ಬೊಗಸೆಗೆ ಏಡಿ ಚಿಪ್ಪು ಒಣಗಿಸಿ, ಕುಟ್ಟಿ, ಗೋಂದಿನಲ್ಲಿ ಕಲಸಿ ತುಂಬಿದ್ದೆ. ಜೋಡಿಸುವ ದಿನ ಮ್ಯಾನೇಜರಿಗೆ ವಾಸನೆ ಹೊಡೆಯಿತು.

"ಏನಮ್ಮ ಇದು?"

"ಚಿಪ್ಪು ಸಾರ್, ಮಾಂಸ ಇಲ್ಲ."

"ಶಂಖ ಆದ್ರೆ ಸರಿ. ಇದು ಏಡಿ."

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಯಾಕಿಲ್ಲ ಅಂತ ಎದ್ದ ಕೂಗು ನೆನಪಾಯಿತು. ಅಷ್ಟು ದೊಡ್ಡ ಜಗಳವೇ ಇಲ್ಲಿ ಒಂದು ಜೋಡಿ ಕೈಗೆ ಬಂದು ನಿಂತಿತ್ತು. ವಾದ ಮಾಡಬಹುದಿತ್ತು, ಆದರೆ ಮಾತು ಕೊಟ್ಟು ತಪ್ಪಿದವಳು ನಾನು. ಅರ್ಧ ಗಂಟೆ ಚೌಕಾಶಿಯಾದ ಮೇಲೆ ಏಡಿಯ ಬೊಗಸೆ ಹಾಲಿನಾಚೆ, ಕೈ ತೊಳೆಯುವ ನಲ್ಲಿಗಳ ಸಾಲಿಗೆ ಹೋಯಿತು. ಕೊನೆಯ ನಲ್ಲಿಯ ಕೆಳಗೆ ಇಟ್ಟೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ಬೊಗಸೆಯಲ್ಲಿ ನೀರು ತುಂಬಿ ಬೆರಳ ಸಂದಿಯಿಂದ ಸೋರುತ್ತಿತ್ತು. ಇಡೀ ಪ್ರದರ್ಶನದಲ್ಲಿ ಅದರಷ್ಟು ಚೆಂದ ಕೂತದ್ದು ಇನ್ನೊಂದಿರಲಿಲ್ಲ, ಅದರ ಶ್ರೇಯಸ್ಸು ಮ್ಯಾನೇಜರಿಗೆ ಸಲ್ಲಬೇಕು.

ಒಳಗೆ ಮದುವೆಯೂಟದ ಮೇಜುಗಳು, ಅವುಗಳ ಮೇಲೆ ಬಿಳಿ ಪೇಪರ್ ರೋಲು, ಎಲೆ ಇರಬೇಕಾದ ಕಡೆ ಬೊಗಸೆ. ಎದುರಿಗೆ ಕುರ್ಚಿ. ಮೇಜಿನ ಕೆಳಗೆ ಸಣ್ಣ ಸ್ಪೀಕರು, ಅದರಲ್ಲಿ ಆ ಹೆಂಗಸಿನದೇ ದನಿ, ತೀರಾ ಮೆಲ್ಲಗೆ. ಕೇಳಬೇಕಾದರೆ ತುತ್ತಿಗೆ ಬಾಗುವ ಹಾಗೆ ಮುಖ ಬಗ್ಗಿಸಬೇಕು, ಆಗ ಮೂಗಿಗೆ ಹುಣಸೆಯೋ ವಿಭೂತಿಯೋ ಬಡಿಯುತ್ತದೆ. ಅವ್ವನ ಜಾಗದಲ್ಲಿ ಪ್ಲಾಸ್ಟರಿನ ಖಾಲಿ ಅಚ್ಚು, ಎರಡು ಹೋಳು, ಬಾಯಿ ತೆರೆದಂತೆ. ಸ್ಪೀಕರಿನಲ್ಲಿ "ಮರ್ತೋಯ್ತು" ಅಂತ ಹಾಕಲು ಆಸೆಯಾಯಿತು. ಹಾಕಲಿಲ್ಲ.

ಎರಡನೇ ದಿನ ಬೆಲ್ಲ ಬೆವರಿತು. ಹೊರಗೆ ಜಡಿಮಳೆ, ಗಾಳಿಯ ತೇವವನ್ನೆಲ್ಲ ಬೆಲ್ಲ ಎಳೆದುಕೊಂಡು ಮೊದಲು ಮಿರುಗಿತು, ಆಮೇಲೆ ಮಣಿಕಟ್ಟಿನಿಂದ ಕಪ್ಪು ಹನಿ ಇಳಿದು ಪೇಪರಿನ ಮೇಲೆ ನಕ್ಷೆ ಬರೆಯಿತು. ನ್ಯೂಯಾರ್ಕಿನ ಹಳೆಯ ಸಕ್ಕರೆ ಕಾರ್ಖಾನೆಯಲ್ಲಿ 2014ರಲ್ಲಿ ಕಲಾವಿದೆ ಕಾರಾ ವಾಕರ್ ನಿಲ್ಲಿಸಿದ್ದ, ಬುಟ್ಟಿ ಹಿಡಿದ ಸಕ್ಕರೆಯ ಹುಡುಗರೂ ಹೀಗೆಯೇ ಕರಗಿ ಮುರಿದಿದ್ದರಂತೆ, ಮುರಿದ ತುಂಡುಗಳನ್ನು ಆಕೆ ಉಳಿದವರ ಬುಟ್ಟಿಗೆ ಹಾಕಿದರಂತೆ. ನನ್ನ ಹತ್ತಿರ ಬುಟ್ಟಿ ಇರಲಿಲ್ಲ, ಇರುವೆ ಇತ್ತು. ನಲ್ಲಿ ಪಕ್ಕದ ಬಿರುಕಿನಿಂದ ಹೊರಟು ಮೇಜಿನ ಕಾಲು ಹತ್ತಿ, ಹುಣಸೆಯನ್ನು ಬಳಸಿ, ನೇರ ನಾಲ್ಕು ಬೆಲ್ಲದ ಕೈಗಳಿಗೆ. ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡೋಣ ಅಂದುಕೊಂಡೆ, ಅವ್ವ ಮನೆಯಲ್ಲಿ ಇಡುವ ಹಾಗೆ. ಆಮೇಲೆ, ಬೀಗವಿಲ್ಲದ ಬೆಲ್ಲ ಯಾರಿಗಾದರೂ ಸಿಗಲಿ ಅನ್ನಿಸಿ ಬಿಟ್ಟೆ.

ಬಂದವರು ತರಹೇವಾರಿ. ಕಾಲೇಜು ಹುಡುಗರು ಸೆಲ್ಫಿ ತೆಗೆದರು. ಒಬ್ಬ ಹಿರಿಯ ಕಲಾವಿದರು "ಇದರಲ್ಲಿ ನೀನು ಕೆತ್ತಿದ್ದೇನಿದೆ?" ಅಂದರು, ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಬೆಟ್ಟ ಹತ್ತಿ ಇಳಿದು ಬಂದಿದ್ದ ಒಂದು ಬಸುರಿ ವಿಭೂತಿಯ ಎದುರು ಬಹಳ ಹೊತ್ತು ಕೂತಿದ್ದಳು. ಅವಳು ಹೋದ ಮೇಲೆ ನೋಡಿದರೆ ಕಿರುಬೆರಳ ತುದಿ ಇರಲಿಲ್ಲ. ಸರಿಮಾಡಲು ಹೋಗಲಿಲ್ಲ.

ಕೊನೆಯ ದಿನ ಅವ್ವ ಬಂದಳು, ಊರಿನ ಐದಾರು ಜನರ ಜೊತೆ. ಅವರೆಲ್ಲ ತಮ್ಮ ತಮ್ಮ ಕೈ ಹುಡುಕಿ ನಗಾಡುತ್ತಿದ್ದರೆ ಅವ್ವ ಬೆಲ್ಲ ಮುಟ್ಟಿ, "ಪಾಕ ಒಂದ್ ಗಳಿಗೆ ಮುಂಚೆ ಇಳಿಸವ್ನೆ" ಅಂತ ತೀರ್ಪು ಕೊಟ್ಟಳು. ತನ್ನ ಖಾಲಿ ಅಚ್ಚಿನ ಎದುರು ಕೂರಲೇ ಇಲ್ಲ.

ರಾತ್ರಿ ಅವಳನ್ನು ಬಿಡಲು ಮಂಡ್ಯದ ತನಕ ರೈಲಿನಲ್ಲಿ ಹೋದೆ. ಶ್ರೀರಂಗಪಟ್ಟಣ ದಾಟಿ ಹೊಳೆ ಕಣ್ಮರೆಯಾದ ಮೇಲೆ, ಕಿಟಕಿ ಕಡೆ ನೋಡುತ್ತಲೇ ಅಂದಳು, "ಮಡ್ಡಿ."

"ಏನವ್ವ?"

"ಆಲೆಮನೆ ಮಡ್ಡಿ. ಅದ ತಿಂತಿದ್ದೆ." ನನ್ನ ಹೊತ್ತಾಗ ಅವಳು ಕೂಲಿಗೆ ಆಲೆಮನೆಗೆ ಹೋಗುತ್ತಿದ್ದಳು, ರಚ್ಚು ಹರವಲು. ಗುಂಡಿಗೆ ಬಿಸಾಕಿದ ನೊರೆ ಆರಿದ ಮೇಲೆ, ಮಬ್ಬುಗತ್ತಲಲ್ಲಿ, ಎರಡು ಬೆರಳು. "ಬೆಲ್ಲ ಅಲ್ವ, ಬಿಟ್ಟಿದ್ರೆ ಅದ್ನೆ ತಿಂತಿದ್ದೆ ಅನ್ಬೇಡ. ಬೆಲ್ಲ ಕೊಟ್ರೆ ವಾಂತಿ ಬತ್ತಿತ್ತು. ಅದೇ ಬೇಕಿತ್ತು."

ಯಾಕೆ ಇಷ್ಟು ದಿನ ಹೇಳಲಿಲ್ಲ ಅಂದೆ. "ಬೆಲ್ಲ ತಿಂದೆ ಅಂದ್ರೆ ಕಳ್ಳಿ ಅಂತಿದ್ರು. ಮಡ್ಡಿ ತಿಂದೆ ಅಂದಿದ್ರೆ ಏನಂತಿದ್ರು ನೀನೇ ಯೋಳು." ಯಲಿಯೂರು ಬಂತು, ಹೋಯಿತು. ಇಬ್ಬರೂ ಮಾತಾಡಲಿಲ್ಲ.

ಮುಂದಿನ ವಾರ ಆಲೆಮನೆಯಿಂದ ಎರಡು ಬಕೆಟ್ ಮಡ್ಡಿ ತಂದೆ. ಅಣ್ಣ ದುಡ್ಡು ತೆಗೆದುಕೊಳ್ಳಲಿಲ್ಲ, ನನ್ನ ತಲೆ ಕೆಟ್ಟಿದೆ ಅಂತ ಅವನಿಗೆ ಆಗಲೇ ಖಚಿತವಾಗಿತ್ತು. ನಾಲಿಗೆಗೆ ಇಟ್ಟು ನೋಡಿದೆ. ಹಸಿ ಹುಲ್ಲು, ಸುಣ್ಣ, ಹೊಗೆ, ಎಲ್ಲ ಆದ ಮೇಲೆ ಎಲ್ಲೋ ತಳದಲ್ಲಿ ಸಿಹಿ. ಅವ್ವನ ಅಚ್ಚಿಗೆ ತುಂಬಿದೆ, ನಿಲ್ಲಲಿಲ್ಲ. ಕಾಯಿಸಿ ಗಟ್ಟಿ ಮಾಡಿದೆ, ಬಿಡಿಸುವಾಗ ಕುಸಿಯಿತು. ಸುಣ್ಣ ಸೇರಿಸಿದೆ, ಒಣಗಿ ಪುಡಿಯಾಯಿತು. ಅಷ್ಟರಲ್ಲಿ ಎರಡನೇ ಬಕೆಟ್ ಹುಳಿ ಬಂದು ಉಕ್ಕಲು ಶುರುಮಾಡಿತು. ಮೇಲಿನ ಮನೆಯವರು ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

ದಸರಾ ರಜೆಗೆ ಬಂದ ಅವ್ವ ಬಾಗಿಲಲ್ಲೇ ನಿಂತಳು. "ಏನದು?"

"ನಿಂದೇ" ಅಂದೆ.

ಬಗ್ಗಿ ನೋಡಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಥೂ, ಆಚೆಗ್ ಮಡಗು, ನಾರ್ತದೆ."

ಆಚೆ ಮಡಗಿದ್ದೇನೆ. ಮುಂದಿನ ಸಲ ರಚ್ಚಿನ ನಾರು ಬೆರೆಸಿ ನೋಡಬೇಕು.